ಇನ್ನೊಂದು ಥೇಮ್ಸಿನ ದಡದಲ್ಲಿ

ಲಂಡನ್ ಎಂದೊಡನೆ ನಮ್ಮ ಮನಸ್ಸು ಇಂಗ್ಲೆಂಡಿಗೆ ಓಡುವುದು ಸಹಜ. ಆದರೆ ಕೆನಡಾದ ಆಂಟಾರಿಯೋ ಪ್ರಾಂತದಲ್ಲಿಯೂ ಒಂದು ಲಂಡನ್ ಉಂಟು, ಅಲ್ಲಿ ಹರಿಯುವ ಹೊಳೆಗೂ ಥೇಮ್ಸ್ ಎಂದೇ ಹೆಸರು. ಮೆದುಳಿನ ಧಮನಿರೋಗಗಳಲ್ಲಿ ವಿರಳವೂ ದುಸ್ಸಾಧ್ಯವೂ ಆದ ಕೆಲವಕ್ಕೆ ಶಸ್ತ್ರಚಿಕಿತ್ಸೆಯ ವಿದ್ಯೆ ಪಕ್ವವಾದುದು ಈ ಎರಡನೆಯ ಲಂಡನ್ನಿನಲ್ಲಿ, ಚಾರ್ಲ್ಸ್ ಡ್ರೇಕ್ ಎಂಬ ಶಸ್ತ್ರವೈದ್ಯರ ಕೈಯಲ್ಲಿ.

ಧಮನಿಯ ಗೋಡೆ ಒಂದೆಡೆ ಬಲಗುಂದಿ ರಕ್ತದ ಒತ್ತಡಕ್ಕೆ ಚೀಲದಂತೆ ಉಬ್ಬುವುದೇ ಅನ್ಯೂರಿಸಂ. 1937ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಅಂಥದೊಂದು ಉಬ್ಬಿನ ಕೊರಳಿಗೆ ಬೆಳ್ಳಿಯ ಕ್ಲಿಪ್ಪನ್ನು ತೊಡಿಸಿ ದಾರಿ ತೆರೆದರು. ಆದರೆ ತಲೆಬುರುಡೆಯ ಆಳದಲ್ಲಿ, ಮೆದುಳುಕಾಂಡಕ್ಕೆ ಆತುಕೊಂಡು ಮೇಲೇರುವ ಬೇಸಿಲಾರ್ ಧಮನಿಯ ತುದಿಯನ್ನು ಮುಟ್ಟಲು ಅನಂತರವೂ ಬಹುಕಾಲ ಘಟಾನುಘಟಿಗಳೇ ಹಿಂಜರಿದರು. ಅಲ್ಲಿ ಏಳುವ ಉಬ್ಬಿನ ಬೆನ್ನಿಗೆ ಅಂಟಿಕೊಂಡೇ ಕೂದಲೆಳೆಯಂತಹ ಧಮನಿಗಳು ಮೆದುಳಿನೊಳಕ್ಕೆ ಹೋಗುತ್ತವೆ. ಮನುಷ್ಯನ ಎಚ್ಚರವನ್ನು ಕಾಯುವ ಭಾಗಗಳಿಗೆ ಅವುಗಳಿಂದಲೇ ಪೋಷಣೆ. ಕ್ಲಿಪ್ಪಿನ ಅಲಗಿಗೆ ಅವುಗಳಲ್ಲೊಂದು ಸಿಲುಕಿದರೂ, ಉಬ್ಬು ಮುಚ್ಚಿಯೂ ರೋಗಿ ಕಣ್ತೆರೆಯದೆ ಹೋಗಬಹುದು.

ಬೇಸಿಲಾರ್ ಧಮನಿಯ ಉಬ್ಬಿಗೆ ಶಸ್ತ್ರಚಿಕಿತ್ಸೆ ಪಡೆದ ನಾಲ್ವರು ರೋಗಿಗಳ ವೃತ್ತಾಂತವನ್ನು ಡ್ರೇಕ್ 1961ರಲ್ಲಿ ಪ್ರಕಟಿಸಿದರು. ಕಿವಿಯ ಮೇಲಿನ ಪಾರ್ಶ್ವದಿಂದ ತಲೆಬುರುಡೆಯನ್ನು ತೆರೆದು, ಮೆದುಳನ್ನು ಮೆಲ್ಲನೆ ಮೇಲೆತ್ತಿ, ಅದರ ಅಡಿಯಿಂದ ಧಮನಿಯತ್ತ ಸಾಗುವುದು ಅವರ ಮಾರ್ಗ. ಅಡ್ಡವಾಗಿ ನಿಲ್ಲುವ ಧಮನಿಯನ್ನೂ ನರವನ್ನೂ ಹಿಸುಕದಿರಲೆಂದು ಅಲಗಿನ ಬುಡದಲ್ಲಿ ಕಿಂಡಿಯುಳ್ಳ ಕ್ಲಿಪ್ಪನ್ನು ಅವರು ಕಲ್ಪಿಸಿದರು: ಕಿಂಡಿಯೊಳಗೆ ಧಮನಿ ಕ್ಷೇಮವಾಗಿ ಹಾದುಹೋಗುವುದು, ಅದರಾಚೆ ಅಲಗು ಉಬ್ಬಿನ ಕೊರಳನ್ನು ಹಿಡಿಯುವುದು. ಮೆದುಳಿನ ಹಿಂಬದಿಯ ಧಮನಿಗಳ ಉಬ್ಬುಗಳ ಕುರಿತು ಅವರೂ ಅವರ ಸಹೋದ್ಯೋಗಿಗಳೂ 1996ರಲ್ಲಿ ಹೊರತಂದ ಗ್ರಂಥ 1767 ರೋಗಿಗಳ ಅನುಭವವನ್ನು ಒಳಗೊಂಡಿದೆ. ಈಗ ಇಂಥ ಉಬ್ಬುಗಳಲ್ಲಿ ಅನೇಕವನ್ನು ತಲೆಬುರುಡೆ ತೆರೆಯದೆಯೇ, ರಕ್ತನಾಳದೊಳಗಿಂದ ಕ್ಯಾಥೆಟರ್ ಕಳುಹಿಸಿ, ಪ್ಲಾಟಿನಂ ಸುರುಳಿಗಳಿಂದ ತುಂಬುತ್ತಾರೆ.

ಎರಡೂವರೆ ಸೆಂಟಿಮೀಟರನ್ನು ಮೀರಿದ ದೈತ್ಯ ಉಬ್ಬುಗಳ ಮಾತು ಬೇರೆ. ಅವುಗಳಲ್ಲಿ ಹಲವಕ್ಕೆ ಹಿಡಿಯಲು ಕೊರಳೇ ಇರದು. ಅಲ್ಲಿ ಡ್ರೇಕ್ ಹೂಡಿದ ಉಪಾಯವೇ ನನ್ನ ಎಣಿಕೆಯಲ್ಲಿ ಅವರ ಕೌಶಲದ ಶಿಖರ. ಉಬ್ಬಿಗೆ ರಕ್ತವನ್ನೊಯ್ಯುವ ಮೂಲಧಮನಿಗೆ ದಾರದ ಸಡಿಲ ಕುಣಿಕೆಯೊಂದನ್ನು ಹಾಕಿ, ಅದರ ತುದಿಗಳನ್ನು ಸಣ್ಣ ಕೊಳವೆಯ ಮೂಲಕ ಹೊರಕ್ಕೆ ತಂದು ಬಿಡುತ್ತಿದ್ದರು. ಮೂಲಧಮನಿ ಮುಚ್ಚಿದರೆ ಚೀಲದೊಳಗಿನ ರಕ್ತ ಮಂದಗತಿಗಿಳಿದು ಹೆಪ್ಪುಗಟ್ಟೀತು. ಆದರೆ ಬದಲಿ ದಾರಿಗಳಿಂದ ಬರುವ ರಕ್ತ ಮೆದುಳಿಗೆ ಸಾಕಾದೀತೇ ಎಂಬುದನ್ನು ಅರಿವಳಿಕೆಯಲ್ಲಿ ಮಲಗಿದವನಿಂದ ತಿಳಿಯುವ ಬಗೆಯೆಂತು? ಆದುದರಿಂದ ರೋಗಿ ಪೂರ್ಣವಾಗಿ ಎಚ್ಚತ್ತ ಮೇಲೆಯೇ ಕುಣಿಕೆಯನ್ನು ಬಿಗಿಯುವುದು. ಕೈಯೆತ್ತು ಎಂದಾಗ ಕೈ ಮೇಲೇಳುವುದೇ, ಮಾತಾಡಿಸಿದಾಗ ನಾಲಗೆ ತಡವರಿಸದೆ ಉತ್ತರಿಸುವುದೇ ಎಂದು ನೋಡುತ್ತ ಹಾಸಿಗೆಯ ಬಳಿಯೇ ಕಾದಿರಬೇಕು. ಎತ್ತಿದ ಕೈ ಎಳ್ಳಷ್ಟು ಜೋತರೂ ದಾರವನ್ನು ಆ ಗಳಿಗೆಯಲ್ಲೇ ಸಡಿಲಿಸಬೇಕು.