ಒಂದು ನ್ಯಾನೋಮೀಟರ್ ದಪ್ಪದ ಸ್ಮೃತಿ

ಕೆಲವು ಹರಳುಗಳ ಒಳಗೆ ಧನ ಮತ್ತು ಋಣ ವಿದ್ಯುದಾವೇಶಗಳ ಕೇಂದ್ರಗಳು ಒಂದೇ ಬಿಂದುವಿನಲ್ಲಿ ಸೇರದೆ ತುಸು ಸರಿದು ನಿಂತಿರುತ್ತವೆ. ಇದಕ್ಕೆ ಧ್ರುವೀಕರಣವೆಂದು ಹೆಸರು. ಹೊರಗಿನ ವಿದ್ಯುತ್ ಕ್ಷೇತ್ರದಿಂದ ಅದರ ದಿಕ್ಕನ್ನು ತಿರುಗಿಸಲು ಸಾಧ್ಯವಿದ್ದು, ಕ್ಷೇತ್ರವನ್ನು ತೆಗೆದ ಮೇಲೂ ಹೊಸ ದಿಕ್ಕು ಉಳಿಯುವುದಾದರೆ ಆ ವಸ್ತು ಫೆರೋಎಲೆಕ್ಟ್ರಿಕ್ ಎನಿಸುತ್ತದೆ. ಜೋಸೆಫ್ ವಲಾಸೆಕ್ 1920ರ ಸುಮಾರಿಗೆ ರೋಷೆಲ್ ಲವಣದಲ್ಲಿ ಗುರುತಿಸಿದ ಈ ಗುಣದಿಂದ, ವಿದ್ಯುತ್ ಕಡಿದರೂ ಮಾಸದ ಸ್ಮೃತಿಕೋಶಗಳನ್ನು ಕಟ್ಟಬಹುದು. ಆದರೆ ಬೇರಿಯಂ ಟೈಟನೇಟ್‌ನಂಥ ಹಳೆಯ ಪದಾರ್ಥಗಳನ್ನು ತೀರ ತೆಳುವಾಗಿಸಿದಾಗ, ಮೇಲ್ಮೈಯಲ್ಲಿ ಶಮನಗೊಳ್ಳದೆ ಉಳಿದ ಆವೇಶಗಳು ಒಳಗೆ ವಿರುದ್ಧ ಕ್ಷೇತ್ರವನ್ನು ಹುಟ್ಟಿಸಿ ಧ್ರುವೀಕರಣವನ್ನೇ ಕುಗ್ಗಿಸುತ್ತವೆ.

ಆಲ್ಫಾ ಇಂಡಿಯಂ ಸೆಲೆನೈಡ್ ಈ ತೊಡಕನ್ನು ಬಹುಮಟ್ಟಿಗೆ ದಾಟಿದೆ. ಇದರ ಒಂದೊಂದು ಪದರದಲ್ಲಿಯೂ ಸೆಲೆನಿಯಂ ಮತ್ತು ಇಂಡಿಯಂ ಪರಮಾಣುಗಳ ಐದು ಹಾಳೆಗಳು ಸರದಿಯಂತೆ ಬಿಗಿಯಾಗಿ ಬೆಸೆದಿದ್ದು, ಒಟ್ಟು ದಪ್ಪ ಸುಮಾರು 1 ನ್ಯಾನೋಮೀಟರ್. ಪದರ ಪದರಗಳ ನಡುವೆ ಮಾತ್ರ ವ್ಯಾನ್ ಡರ್ ವಾಲ್ಸ್ ಎಂಬ ದುರ್ಬಲ ಆಕರ್ಷಣೆಯಿದೆ. ನಡುವಿನ ಸೆಲೆನಿಯಂ ಹಾಳೆ ಯಾವ ಕಡೆಗೆ ಸರಿದಿದೆ ಎಂಬುದೇ ಧ್ರುವೀಕರಣದ ದಿಕ್ಕನ್ನು ನಿರ್ಧರಿಸುತ್ತದೆ. ಒಂಟಿ ಪದರದಲ್ಲಿಯೂ ಈ ಗುಣ ಉಳಿಯುವುದೆಂದು 2017ರಲ್ಲಿ ಪ್ರಕಟವಾದ ಸೈದ್ಧಾಂತಿಕ ಲೆಕ್ಕಾಚಾರವೊಂದು ಹೇಳಿತು. ಅತಿತೆಳು ಚೂರುಗಳ ಮೇಲಿನ ಪ್ರಯೋಗಗಳು ಬೇಗನೆ ಅದನ್ನು ಹಿಂಬಾಲಿಸಿದವು. ಈ ವಸ್ತು ನಿರೋಧಕವಲ್ಲ, ಅರೆವಾಹಕ. ಆದುದರಿಂದಲೇ 2019ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯುತ್ ಹರಿಯುವ ನಾಲೆಯನ್ನೇ ಇದರಿಂದ ಮಾಡಿದ ಟ್ರಾನ್ಸಿಸ್ಟರನ್ನು ತೋರಿಸಿದರು.

ಬೆಳೆಸುವ ಒಂದು ರೂಢಿಯ ವಿಧಾನದಲ್ಲಿ ಇಂಡಿಯಂ ಆಕ್ಸೈಡ್ ಮತ್ತು ಸೆಲೆನಿಯಂ ಪುಡಿಗಳನ್ನು ಕೊಳವೆ ಕುಲುಮೆಯಲ್ಲಿ ಕಾಯಿಸಿ, ಆವಿಯನ್ನು ಆರ್ಗಾನ್ ಮತ್ತು ಹೈಡ್ರೋಜನ್ ಅನಿಲಗಳ ಹರಿವಿನಲ್ಲಿ ಸಾಗಿಸಿ ಅಭ್ರಕದ ನುಣುಪು ಮೇಲ್ಮೈಯ ಮೇಲೆ ಕೂರಿಸುತ್ತಾರೆ. ಕಷ್ಟವಿರುವುದು ಇಲ್ಲಿಯೇ: ಅದೇ ಧಾತುಗಳು ಅದೇ ಪ್ರಮಾಣದಲ್ಲಿ ಬೆರೆತರೂ ಉಷ್ಣತೆಗೆ ತಕ್ಕಂತೆ ಬೇರೆ ಬೇರೆ ಹರಳುರೂಪಗಳು ಮೂಡುತ್ತವೆ, ಮತ್ತು ಸೆಲೆನಿಯಂ ಪೂರೈಕೆ ತುಸು ಕಡಿಮೆಯಾದರೂ ಪರಮಾಣು ಇರಬೇಕಾದೆಡೆ ಖಾಲಿ ಉಳಿಯುತ್ತದೆ.

ಆದುದರಿಂದ ಬೆಳೆದದ್ದು ಏನೆಂದು ಪರೀಕ್ಷಿಸುವ ಕೆಲಸ ಬೆಳೆಸುವುದಕ್ಕಿಂತ ಕಡಿಮೆಯದಲ್ಲ. ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡು, ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಬೆಳಕಿನ ಚದರಿಕೆಯೇ ಇಲ್ಲಿ ಮೊದಲ ಸಾಕ್ಷಿ: ಆಲ್ಫಾ ರೂಪದ ಮುಖ್ಯ ಶಿಖರ ಪ್ರತಿ ಸೆಂಟಿಮೀಟರಿಗೆ ಸುಮಾರು 104 ಅಲೆಗಳಲ್ಲಿ, ಬೀಟಾ ರೂಪದ್ದು ಸುಮಾರು 110ರಲ್ಲಿ ಕಾಣುತ್ತದೆ. ದಪ್ಪವನ್ನು ಪರಮಾಣುಬಲ ಸೂಕ್ಷ್ಮದರ್ಶಕ ಅಳೆಯುತ್ತದೆ. ಲೇಸರ್ ಕಿರಣ ಇಮ್ಮಡಿ ಆವರ್ತನದಲ್ಲಿ ಹೊರಬಂದರೆ ಹರಳಿಗೆ ಸಮ್ಮಿತಿಯ ಕೇಂದ್ರವಿಲ್ಲವೆಂದು ತಿಳಿಯುತ್ತದೆ. ಕಡೆಗೆ ಮೊನಚು ಸೂಜಿಯಿಂದ ವೋಲ್ಟೇಜ್ ಕೊಟ್ಟು, ಧ್ರುವೀಕರಣ ತಿರುಗಿದೆಯೇ ಎಂದು ನೋಡುತ್ತಾರೆ. ಆದರೆ ಸೂಜಿಯಿಂದ ಮೇಲ್ಮೈಗೆ ಇಳಿದ ಆವೇಶವೂ ಇಂಥದೇ ಸಂಕೇತವನ್ನು ಕೊಡಬಲ್ಲುದು. ಈ ಸೂಜಿ ಪರೀಕ್ಷೆಯೊಂದನ್ನೇ ನಂಬಿ, ರಚನೆಯ ಸ್ವತಂತ್ರ ಪುರಾವೆಯಿಲ್ಲದೆ, ಯಾವುದೇ ಹೊಸ ಪದರವನ್ನು ಫೆರೋಎಲೆಕ್ಟ್ರಿಕ್ ಎಂದು ಘೋಷಿಸುವುದು ಅವಸರದ ತೀರ್ಮಾನ.