ವಿಮಾನ ನಿಲ್ದಾಣದ ಬಸ್ಸು: ಪೈಪೋಟಿ ರಸ್ತೆಯಲ್ಲೋ, ಬಾಗಿಲಲ್ಲೋ?

2008ರ ಮೇ 24ರಂದು ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿದವರು ಹೊರಗೆ ಬಂದು ಆಟೋ ಹಿಡಿದು ಊರೊಳಗೆ ಸೇರುತ್ತಿದ್ದರು. ಹೊಸ ನಿಲ್ದಾಣವಾದರೋ ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರು ದೂರ. ಹೀಗಾಗಿ ಆ ದಿನ ರಾಜ್ಯದಲ್ಲಿ ಒಂದು ಹೊಸ ವ್ಯಾಪಾರವೂ ಹುಟ್ಟಿತೆನ್ನಬೇಕು: ವಿಮಾನದಿಂದ ಇಳಿದವರನ್ನು ನಗರಕ್ಕೂ, ನಗರದಿಂದ ಹೊರಟವರನ್ನು ವಿಮಾನಕ್ಕೂ ಮುಟ್ಟಿಸುವ ವ್ಯಾಪಾರ. ಈ ವ್ಯಾಪಾರ ಯಾರ ಪಾಲಾಯಿತು, ಯಾವ ಷರತ್ತಿನ ಮೇಲೆ ಆಯಿತು, ಯಾರು ಹೊರಗುಳಿದರು ಎಂಬ ವಿವರಗಳು ಹುಬ್ಬಳ್ಳಿ, ಧಾರವಾಡ, ಹಳಿಯಾಳ, ದಾಂಡೇಲಿಗಳ ವರ್ತಕರಿಗೆ ದೂರದೂರಿನ ಸುದ್ದಿಯಲ್ಲ. ಹುಬ್ಬಳ್ಳಿಯಲ್ಲಿ 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಗೊಂಡ ಮೇಲೆ ಅದೇ ಪ್ರಶ್ನೆ ಈ ಭಾಗದ ಬಾಗಿಲಿಗೂ ಬಂದು ನಿಂತಿದೆ.

ಬೆಂಗಳೂರಿನಲ್ಲಿ ಮೊದಲು ಕಣಕ್ಕಿಳಿದದ್ದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ. ಹವಾನಿಯಂತ್ರಿತ ವೋಲ್ವೊ ಬಸ್ಸುಗಳನ್ನು ಸಂಸ್ಥೆಯು ಅದಾಗಲೇ 'ವಜ್ರ' ಎಂಬ ಹೆಸರಿನಲ್ಲಿ ನಗರದೊಳಗೆ ಓಡಿಸುತ್ತಿತ್ತು. ವಿಮಾನ ನಿಲ್ದಾಣದ ಮಾರ್ಗಕ್ಕೆ ಬಂದಾಗ ಅದು 'ವಾಯು ವಜ್ರ'ವಾಯಿತು. ಮೆಜೆಸ್ಟಿಕ್, ಎಲೆಕ್ಟ್ರಾನಿಕ್ಸ್ ಸಿಟಿ ಮೊದಲಾದ ಕಡೆಗಳಿಂದ ಹೊರಡುವ ಈ ಬಸ್ಸುಗಳು ಸೂಟ್‌ಕೇಸಿನವರನ್ನು ನಗರ ಸಾರಿಗೆಗೆ ಕರೆತಂದುವು. ಅದುವರೆಗೆ ಸಿಟಿ ಬಸ್ಸಿನ ಮೆಟ್ಟಿಲು ಹತ್ತದಿದ್ದ ಅನೇಕರು ಹತ್ತಿದರು. ಇದು ಸಣ್ಣ ಸಾಧನೆಯೇನಲ್ಲ.

ಆದರೆ ಎರಡನೆಯ ಬಸ್ ಸಂಸ್ಥೆ ಅದೇ ಮಾರ್ಗಕ್ಕೆ ಏಕೆ ಬರಲಿಲ್ಲ? ಲಾಭವಿದೆ ಎಂದು ಕಂಡಲ್ಲಿ ಮತ್ತೊಬ್ಬ ಅಂಗಡಿ ತೆರೆಯುವುದು ವ್ಯಾಪಾರದ ಸಹಜ ಧರ್ಮ. ಇಲ್ಲಿ ಅಡ್ಡ ಬಂದದ್ದು ಬಂಡವಾಳವಲ್ಲ, ರಹದಾರಿ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ದಾರಿಯುದ್ದಕ್ಕೂ ನಿಲ್ಲಿಸಿ ಒಬ್ಬೊಬ್ಬರಿಂದಲೂ ಪ್ರತ್ಯೇಕವಾಗಿ ದರ ಪಡೆದು ಹತ್ತಿಸಿಕೊಳ್ಳುವ ವಾಹನಕ್ಕೆ ಸ್ಟೇಜ್ ಕ್ಯಾರೇಜ್ ರಹದಾರಿ ಬೇಕು. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಬಾಡಿಗೆಗೆ ಕೊಡುವುದು ಕಾಂಟ್ರಾಕ್ಟ್ ಕ್ಯಾರೇಜ್. ಟ್ಯಾಕ್ಸಿಯೂ ಇದೇ ವರ್ಗಕ್ಕೆ ಸೇರುತ್ತದೆ. ಕಾಯ್ದೆಯ 99ನೆಯ ಕಲಮು ಒಂದು ಪ್ರದೇಶವನ್ನೋ ಮಾರ್ಗವನ್ನೋ ಇತರರನ್ನು ಪೂರ್ತಿಯಾಗಿ ಅಥವಾ ಭಾಗಶಃ ಹೊರಗಿಟ್ಟು ಸರ್ಕಾರಿ ಸಾರಿಗೆ ಸಂಸ್ಥೆಗೆ ಮೀಸಲಿಡುವ ಯೋಜನೆ ರೂಪಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಬೆಂಗಳೂರಿನ ನಗರ ಸಾರಿಗೆ ರಾಷ್ಟ್ರೀಕರಣಗೊಂಡದ್ದು 1956ರಲ್ಲಿ. 1997ರ ಆಗಸ್ಟ್ 15ರಂದು ಅದು ರಾಜ್ಯ ರಸ್ತೆ ಸಾರಿಗೆ ನಿಗಮದಿಂದ ಬೇರ್ಪಟ್ಟು ಪ್ರತ್ಯೇಕ ಸಂಸ್ಥೆಯಾಯಿತು. ಮೀಸಲಾತಿ ಮಾತ್ರ ಹಾಗೆಯೇ ಮುಂದುವರಿಯಿತು.

ಈ ಗೆರೆಯನ್ನು ದಾಟಲು ಯತ್ನಿಸಿದವರು ಇಲ್ಲದಿಲ್ಲ. 2015ರಲ್ಲಿ ಝಿಪ್‌ಗೋ ಎಂಬ ಕಂಪನಿ ಬೆಂಗಳೂರಿನಲ್ಲಿ ಮೊಬೈಲ್ ಮೂಲಕ ಆಸನ ಕಾಯ್ದಿರಿಸುವ ಸಣ್ಣ ಬಸ್ಸುಗಳನ್ನು ಓಡಿಸಹೊರಟಿತು. ಕಾಂಟ್ರಾಕ್ಟ್ ಕ್ಯಾರೇಜ್ ರಹದಾರಿಯಲ್ಲಿ ಬಿಡಿ ಬಿಡಿ ಆಸನ ಮಾರುವಂತಿಲ್ಲ ಎಂದು ಸಾರಿಗೆ ಇಲಾಖೆ ಅದನ್ನು ತಡೆಯಿತು. ಬಾಡಿಗೆ ಬಸ್ಸುಗಳ ಇತಿಹಾಸವೇ ರಾಜ್ಯದಲ್ಲಿ ಏರಿಳಿತದ್ದು. 1976ರಲ್ಲಿ ಸರ್ಕಾರ ಕಾಯ್ದೆಯ ಮೂಲಕ ಕಾಂಟ್ರಾಕ್ಟ್ ಕ್ಯಾರೇಜುಗಳನ್ನೇ ಸ್ವಾಧೀನಕ್ಕೆ ತೆಗೆದುಕೊಂಡಿತ್ತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2003ರ ಶಾಸನದಿಂದ ಆ ಕಾಯ್ದೆ ರದ್ದಾಯಿತು. ರದ್ದತಿ ಸರಿಯೆಂದು ಸರ್ವೋಚ್ಚ ನ್ಯಾಯಾಲಯದಿಂದ ಅಂತಿಮ ಮಾತು ಬಂದದ್ದು 2025ರಲ್ಲಿ. ಇಪ್ಪತ್ತೆರಡು ವರ್ಷ ಅನಿಶ್ಚಿತತೆಯಲ್ಲಿ ತೂಗಾಡಿದ ಉದ್ಯಮಕ್ಕೆ ಯಾವ ಬ್ಯಾಂಕು ನಿಶ್ಚಿಂತೆಯಿಂದ ದೀರ್ಘಾವಧಿ ಸಾಲ ಕೊಟ್ಟೀತು?

ಹೀಗೆ ಬಸ್ಸಿಗೆ ಬಸ್ಸು ಎದುರಾಗದಿದ್ದಾಗ ಪೈಪೋಟಿ ಬೇರೆ ದಿಕ್ಕಿನಿಂದ ಬಂತು. ಮೊದಲು ಮೀಟರ್ ಟ್ಯಾಕ್ಸಿ ಕಂಪನಿಗಳು, ಆಮೇಲೆ ಓಲಾ, ಊಬರ್‌ಗಳು. 2013ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವು ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ 'ಫ್ಲೈಬಸ್' ಆರಂಭಿಸಿತು. ಮೈಸೂರಿನಿಂದ ಬಂದು, ಮೆಜೆಸ್ಟಿಕ್‌ನಲ್ಲಿ ಇಳಿದು, ವಾಯು ವಜ್ರ ಹತ್ತುತ್ತಿದ್ದವರು ಒಂದೇ ಆಸನದಲ್ಲಿ ಕೂತು ಹೋಗತೊಡಗಿದರು. ತಾಯಿ ಸಂಸ್ಥೆಯ ಗಳಿಕೆಯಲ್ಲಿ ಕೊಂಚ ಭಾಗ ಮಗಳ ಸಂಸ್ಥೆಯ ಗಲ್ಲಾಪೆಟ್ಟಿಗೆಯಿಂದಲೇ ಬಂದಿರಬೇಕು! ಆದರೂ ಪ್ರಯಾಣಿಕನಿಗೆ ಅನುಕೂಲವಾಯಿತೆಂಬುದನ್ನು ಒಪ್ಪಬೇಕು. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಬಳಿ ರೈಲ್ವೆ ಹಾಲ್ಟ್ ಕೂಡ ಆಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು.

ಲೆಕ್ಕ ಏನು ಹೇಳುತ್ತದೆ?

ಎರಡು ಸಂಸ್ಥೆಗಳು ಒಂದೇ ಮಾರ್ಗದಲ್ಲಿ ಓಡಿದರೆ ದರ ಇಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಪರೀಕ್ಷಿಸಬಹುದು. 40 ಕಿಲೋಮೀಟರಿನ ಮಾರ್ಗ. ಬಸ್ಸಿನ ಎಲ್ಲ ಖರ್ಚು ಸೇರಿ ಕಿಲೋಮೀಟರಿಗೆ ರೂ. 80, ತೆರಿಗೆ ಸೇರಿದ ಟಿಕೆಟ್ ದರ ರೂ. 250 ಎಂದಿಟ್ಟುಕೊಳ್ಳೋಣ. ಒಂದು ಸುತ್ತಿನ ಖರ್ಚು ರೂ. 3,200. ಹವಾನಿಯಂತ್ರಿತ ಬಸ್ಸಿನ ಟಿಕೆಟ್ಟಿಗೆ ಶೇ. 5 ಜಿ.ಎಸ್.ಟಿ. ಇರುವುದರಿಂದ ಸಂಸ್ಥೆಯ ಕೈಗೆ ಬರುವುದು ಒಬ್ಬ ಪ್ರಯಾಣಿಕನಿಂದ ಸುಮಾರು ರೂ. 238. ಅಂದರೆ ಖರ್ಚು ಹುಟ್ಟಲು 14 ಜನ ಬೇಕು. ಸರಾಸರಿ 18 ಜನ ಕೂತರೆ ಸಂಸ್ಥೆಗೆ ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ.

ಈಗ ಎರಡನೆಯ ಸಂಸ್ಥೆ ಅದೇ ಹೊತ್ತಿಗೆ ಇನ್ನೊಂದು ಬಸ್ಸು ಬಿಡಲಿ. 18 ಜನ ಒಂಬತ್ತು ಒಂಬತ್ತಾಗಿ ಹಂಚಿಹೋದರೆ ಇಬ್ಬರಿಗೂ ಸುತ್ತಿಗೆ ಸಾವಿರ ರೂಪಾಯಿಗೂ ಮಿಕ್ಕಿ ನಷ್ಟ. ದರ ಇಳಿಸುವ ಮಾತು ಹಾಗಿರಲಿ, ಆರು ತಿಂಗಳಲ್ಲಿ ಒಬ್ಬರು ಬಾಗಿಲು ಹಾಕುತ್ತಾರೆ, ಉಳಿದವರು ದರ ಏರಿಸುತ್ತಾರೆ. ಆದರೆ ಎರಡನೆಯ ಬಸ್ಸು ಮೊದಲನೆಯದರ ಬೆನ್ನಿಗೆ ಹೊರಡದೆ, ಎರಡು ಬಸ್ಸುಗಳ ನಡುವಿನ ಖಾಲಿ ಹೊತ್ತಿನಲ್ಲಿ ಹೊರಟರೆ ಚಿತ್ರ ಬದಲಾಗುತ್ತದೆ. ಕಾಯುವ ಹೊತ್ತು ಅರ್ಧವಾದಾಗ ಟ್ಯಾಕ್ಸಿಯತ್ತ ಹೊರಟವರಲ್ಲಿ ಕೆಲವರು ಬಸ್ಸಿನತ್ತ ತಿರುಗುತ್ತಾರೆ. ಇನ್ನು ಹತ್ತು ಜನ ಬಂದರೆ ಸಾಕು, 28 ಜನ ಎರಡು ಬಸ್ಸಿಗೆ ಹಂಚಿ ಇಬ್ಬರ ಖರ್ಚೂ ಹುಟ್ಟುತ್ತದೆ. ದರಕ್ಕಿಂತ ವೇಳಾಪಟ್ಟಿಯೇ ಇಲ್ಲಿ ನಿರ್ಣಾಯಕವಾದದ್ದು.

ಟ್ಯಾಕ್ಸಿಯ ಲೆಕ್ಕವೂ ಇದಕ್ಕೆ ಪೂರಕ. ಒಬ್ಬನೇ ಹೋಗುವ ಪ್ರಯಾಣಿಕನಿಗೆ ಬಸ್ಸು ಸ್ಪಷ್ಟವಾಗಿ ಅಗ್ಗ. ನಾಲ್ಕು ಜನರ ಕುಟುಂಬಕ್ಕೆ ಮೇಲಿನ ದರದಲ್ಲಿ ಸಾವಿರ ರೂಪಾಯಿ ತಗಲುತ್ತದೆ. ಅದಕ್ಕೆ ಕೊಂಚ ಸೇರಿಸಿದರೆ ಮನೆಯ ಬಾಗಿಲಿಗೇ ಬರುವ ಕಾರು ಸಿಗುತ್ತದೆ. ಆದುದರಿಂದ ವಿಮಾನ ನಿಲ್ದಾಣದ ಬಸ್ಸಿನ ನಿಜವಾದ ಗಿರಾಕಿ ಒಂಟಿ ಪ್ರಯಾಣಿಕ, ಪಾಳಿಯ ಮೇಲೆ ಬರುವ ನಿಲ್ದಾಣದ ನೌಕರ, ವಿದ್ಯಾರ್ಥಿ, ದಲಾಲಿ ಕೆಲಸಕ್ಕೆ ಊರೂರು ತಿರುಗುವ ವರ್ತಕ. 2023ರ ಜೂನ್ 11ರಿಂದ ಜಾರಿಯಾದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸದ ಕಾರಣ ಈ ಲೆಕ್ಕವನ್ನು ಅದು ಕದಲಿಸಲಿಲ್ಲ.

ಇನ್ನೊಂದು ಮಾತು. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಬಸ್ ಸಂಸ್ಥೆಗೆ ಬಸ್ಸು ಕೊಂಡಾಗ ತೆತ್ತ ತೆರಿಗೆಯ ಜಮೆ ಸಿಗದು. ಅದು ಬಸ್ಸಿನ ಬೆಲೆಯಲ್ಲೇ ಲೀನವಾಗುತ್ತದೆ. 2025ರ ಸೆಪ್ಟೆಂಬರ್ 22ರವರೆಗೆ ಡೀಸೆಲ್ ಬಸ್ಸಿಗೆ ಶೇ. 28 ತೆರಿಗೆಯಿತ್ತು, ಆಮೇಲೆ ಶೇ. 18 ಆಯಿತು. ವಿದ್ಯುತ್ ಬಸ್ಸಿಗೆ 2019ರ ಆಗಸ್ಟಿನಿಂದಲೇ ಶೇ. 5. ಹೊಸದಾಗಿ ಮಾರ್ಗ ಹಿಡಿಯುವವರು ವಿದ್ಯುತ್ ಬಸ್ಸಿನ ಹೆಚ್ಚಿನ ಮೂಲಬೆಲೆಯನ್ನಷ್ಟೇ ನೋಡಿ ಹಿಂಜರಿಯದೆ ಈ ವ್ಯತ್ಯಾಸವನ್ನೂ ಕೂಡಿಸಿ ನೋಡುವುದು ಒಳ್ಳೆಯದು.

ಬಾಗಿಲ ಕಾಯುವವರು

ರಹದಾರಿ ಸರ್ಕಾರದ ಕೈಯಲ್ಲಿದ್ದರೆ, ಬಸ್ಸು ನಿಲ್ಲುವ ಜಾಗ ವಿಮಾನ ನಿಲ್ದಾಣದ ಕೈಯಲ್ಲಿದೆ. ಟರ್ಮಿನಲ್ಲಿನ ಬಾಗಿಲಿನಿಂದ ಐವತ್ತು ಹೆಜ್ಜೆಯಲ್ಲಿ ನಿಲ್ಲುವ ಬಸ್ಸಿಗೂ, ಪೆಟ್ಟಿಗೆ ಎಳೆದುಕೊಂಡು ಐದು ನಿಮಿಷ ನಡೆಯಬೇಕಾದ ಬಸ್ಸಿಗೂ ಇರುವ ಅಂತರ ದರದಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿದರೂ ತುಂಬುವಂಥದ್ದಲ್ಲ. ಬೆಂಗಳೂರಿನ ನಿಲ್ದಾಣ 2004ರ ಜುಲೈನಲ್ಲಿ ಕೇಂದ್ರ ಸರ್ಕಾರದೊಂದಿಗೆ ಆದ ಒಪ್ಪಂದದ ಮೇಲೆ ಕಂಪನಿಯೊಂದು ಕಟ್ಟಿ ನಡೆಸುವ ನಿಲ್ದಾಣ. ಇಂಥ ಕಂಪನಿಗಳ ಆದಾಯದಲ್ಲಿ ಎರಡು ಬಗೆ: ವಿಮಾನ ಇಳಿಯುವುದು, ಪ್ರಯಾಣಿಕ ಹತ್ತುವುದು ಇವುಗಳಿಂದ ಬರುವುದು ಒಂದು, ಅಂಗಡಿ, ಜಾಹೀರಾತು, ವಾಹನ ನಿಲುಗಡೆ, ಟ್ಯಾಕ್ಸಿಯವರ ಶುಲ್ಕ ಇತ್ಯಾದಿ ಇನ್ನೊಂದು. ಮೊದಲನೆಯದಕ್ಕೆ ನಿಯಂತ್ರಣ ಪ್ರಾಧಿಕಾರದ ಮಿತಿಯಿದೆ. ಎರಡನೆಯದರಲ್ಲಿ, 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ, ಶೇ. 30 ಭಾಗವನ್ನು ಮಾತ್ರ ಪ್ರಯಾಣಿಕರ ಶುಲ್ಕ ಇಳಿಸಲು ಲೆಕ್ಕಕ್ಕೆ ಹಿಡಿಯಲಾಗುತ್ತದೆ; ಉಳಿದದ್ದು ಕಂಪನಿಯ ಪಾಲು. ಬಸ್ಸು ಹತ್ತಿದ ಪ್ರತಿಯೊಬ್ಬನೂ ಕಾರು ನಿಲ್ಲಿಸದ ಒಬ್ಬ ಗಿರಾಕಿ. ಯಾರ ಮೇಲೂ ಆರೋಪ ಹೊರಿಸುವ ಮಾತಲ್ಲ ಇದು. ಜಮಾ–ಖರ್ಚಿನ ಪುಸ್ತಕ ಯಾವ ಕಡೆಗೆ ವಾಲುತ್ತದೆ ಎಂಬುದಷ್ಟೇ.

ಬಾಗಿಲು ಕಾಯುವವನ ಈ ಅಧಿಕಾರ ನ್ಯಾಯಾಲಯದ ಕಟ್ಟೆ ಹತ್ತಿದ ಪ್ರಸಂಗ ಇಂಗ್ಲೆಂಡಿನದು. ಲಂಡನ್ನಿಗೆ ಸಮೀಪದ ಲೂಟನ್ ವಿಮಾನ ನಿಲ್ದಾಣದಿಂದ ನಗರದ ವಿಕ್ಟೋರಿಯಾ ನಿಲ್ದಾಣಕ್ಕೆ ಆರೈವಾ ಕಂಪನಿಯ 757 ಸಂಖ್ಯೆಯ ಬಸ್ಸು ಬಹುಕಾಲದಿಂದ ಓಡುತ್ತಿತ್ತು. 2013ರಲ್ಲಿ ನಿಲ್ದಾಣದವರು ಆ ಮಾರ್ಗದ ಏಕಸ್ವಾಮ್ಯವನ್ನು ಏಳು ವರ್ಷಕ್ಕೆ ನ್ಯಾಷನಲ್ ಎಕ್ಸ್‌ಪ್ರೆಸ್ ಕಂಪನಿಗೆ ಕೊಟ್ಟರು. ಟಿಕೆಟ್ ಆದಾಯದಲ್ಲಿ ನಿಲ್ದಾಣಕ್ಕೂ ಪಾಲು. ಲಂಡನ್ನಿನ ಬೇರೆ ಹೊಸ ಮಾರ್ಗಗಳು ಬಂದರೆ ಮೊದಲ ಹಕ್ಕೂ ಅದೇ ಕಂಪನಿಯದು. ಈಸಿಬಸ್ ಎಂಬ ಸಣ್ಣ ವಾಹನಗಳ ಕಂಪನಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆರೈವಾ ದಾವೆ ಹೂಡಿತು. 2014ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು, ಹೀಗೆ ಏಕಸ್ವಾಮ್ಯ ಕೊಟ್ಟದ್ದು ಪ್ರಬಲ ಸ್ಥಾನದ ದುರುಪಯೋಗವೆಂದು ತೀರ್ಪಿತ್ತಿತು. ನಿಲ್ದಾಣ ತಾನು ಬಸ್ಸು ಓಡಿಸುವುದಿಲ್ಲ. ಆದರೂ ಬಸ್ಸುಗಳ ಪೈಪೋಟಿಯನ್ನು ಕೆಡಿಸಬಲ್ಲದು ಎಂಬುದು ಆ ತೀರ್ಪಿನ ತಿರುಳು. ಭಾರತದ 2002ರ ಸ್ಪರ್ಧಾ ಕಾಯ್ದೆಯ 4ನೆಯ ಕಲಮು ಕೂಡ ಪ್ರಬಲ ಸ್ಥಾನದ ದುರುಪಯೋಗವನ್ನೇ ನಿಷೇಧಿಸುತ್ತದೆ.

ಹುಬ್ಬಳ್ಳಿ–ಧಾರವಾಡದವರಿಗೆ ಇದು ತೀರ ಅಪರಿಚಿತ ಕಥೆಯಲ್ಲ. ಅವಳಿ ನಗರಗಳ ನಡುವೆ ಖಾಸಗಿ ಬೇಂದ್ರೆ ನಗರ ಸಾರಿಗೆಯ ಬಸ್ಸುಗಳೂ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸುಗಳೂ ಒಂದರ ಬೆನ್ನಿಗೊಂದು ಓಡಿದ್ದನ್ನು ಜನ ಕಂಡಿದ್ದಾರೆ. 2018ರ ಅಕ್ಟೋಬರಿನಲ್ಲಿ ಬಿ.ಆರ್.ಟಿ.ಎಸ್. ಪ್ರಾಯೋಗಿಕವಾಗಿ ಆರಂಭಗೊಂಡು, 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾದಾಗ ಸುಮಾರು 22 ಕಿಲೋಮೀಟರಿನ ಮೀಸಲು ಪಥ 'ಚಿಗರಿ'ಯ ಪಾಲಾಯಿತು. ಬೇಂದ್ರೆ ಬಸ್ಸು ಪಕ್ಕದ ದಟ್ಟಣೆಯಲ್ಲಿ ಉಳಿಯಿತು. ಲೂಟನ್ನಿನಲ್ಲಿ ನಿಲ್ಲುವ ಜಾಗ, ಇಲ್ಲಿ ಓಡುವ ಪಥ. ಎರಡು ಕಡೆಯೂ ಗೆಲುವು ಸೋಲು ನಿರ್ಧಾರವಾದದ್ದು ಕಂಡಕ್ಟರನ ಚೀಲದಲ್ಲಲ್ಲ.

ಈ ಹಿನ್ನೆಲೆಯಲ್ಲಿ ದಾಂಡೇಲಿಯ ಕಡೆಗೆ ನೋಡಬೇಕು. ಕಾಗದದ ಕಾರ್ಖಾನೆಯ ಊರು ಈಗ ಕಾಳಿ ನದಿಯ ರಾಫ್ಟಿಂಗ್, ಹುಲಿ ಸಂರಕ್ಷಿತಾರಣ್ಯಗಳ ಹೆಸರಿನಲ್ಲಿ ಪ್ರವಾಸಿಗರ ಊರೂ ಆಗಿದೆ. ಕೋಗಿಲಬನದಿಂದ ಜೋಯಿಡಾದವರೆಗಿನ ಹೋಮ್‌ಸ್ಟೇಗಳಿಗೆ ಬೇಕಾದದ್ದು ಸ್ವಂತ ಕಾರಿಲ್ಲದ, ಎರಡು ದಿನಕ್ಕೆ ಬಂದು ಹೋಗುವ ಗಿರಾಕಿ. ಹುಬ್ಬಳ್ಳಿಯ ವಿಮಾನ ನಿಲ್ದಾಣ ಇಲ್ಲಿಗೆ ಸುಮಾರು 75 ಕಿಲೋಮೀಟರು. ನಿಲ್ದಾಣವೂ ಹೊಸ ಬಸ್ ನಿಲ್ದಾಣವೂ ಗೋಕುಲ ರಸ್ತೆಯಲ್ಲಿಯೇ ಇವೆ. ನಡುವಿನ ಕೆಲವೇ ಕಿಲೋಮೀಟರಿಗೆ ಪ್ರವಾಸಿಗ ಆಟೋ ಹುಡುಕಬೇಕು, ಹುಡುಕುವ ಹೊತ್ತಿಗೆ ಟ್ಯಾಕ್ಸಿಯವನು ಎದುರಿಗೆ ಬಂದಿರುತ್ತಾನೆ.

ಹುಬ್ಬಳ್ಳಿಯ ನಿಲ್ದಾಣ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಬಸ್ ಸಂಸ್ಥೆ ರಾಜ್ಯದ್ದು. ವಿಮಾನಗಳ ವೇಳೆಗೆ ಹೊಂದಿಸಿ ದಿನಕ್ಕೆ ಮೂರು ನಾಲ್ಕು ಸುತ್ತು ದಾಂಡೇಲಿ ಬಸ್ಸು ಬೇಕೆಂದು ವಾಣಿಜ್ಯ ಸಂಸ್ಥೆಗಳು ಕೇಳುವುದಾದರೆ, ಅರ್ಜಿಯನ್ನು ಎರಡೂ ಕಡೆ ಒಟ್ಟಿಗೆ ಕೊಡಬೇಕಾಗುತ್ತದೆ: ಬಸ್ಸಿಗೆ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಗೆ, ನಿಲ್ಲುವ ಜಾಗಕ್ಕೆ ಪ್ರಾಧಿಕಾರಕ್ಕೆ. ವಾಯವ್ಯ ಸಾರಿಗೆ ಆಗದೆಂದರೆ, ಖಾಸಗಿಯವರಿಗೆ ರಹದಾರಿ ಕೊಡಲು ಅಡ್ಡಿಯಿಲ್ಲವೆಂಬ ಮಾತನ್ನು ಲಿಖಿತವಾಗಿ ಕೇಳಬಹುದು. ಖಾಸಗಿಯವರಿಗೆ ಕೊಡುವುದಾದರೆ ಟೆಂಡರಿನ ಅವಧಿ ಏಳು ವರ್ಷವೋ ಮೂರು ವರ್ಷವೋ, ಇನ್ನೊಬ್ಬರಿಗೆ ನಿಲ್ಲಲು ಜಾಗ ಉಳಿಯುತ್ತದೋ ಇಲ್ಲವೋ ಎಂಬ ಎರಡು ಸಾಲುಗಳನ್ನು ಸಹಿಗೆ ಮೊದಲು ಓದಬೇಕು.