ನಂದಿಯ ತಪ್ಪಲಿನ ಬಿಳಿ ದ್ರಾಕ್ಷಾರಸ

ದ್ರಾಕ್ಷಾರಸವೆಂದೊಡನೆ ನಮ್ಮ ಕುಟುಂಬಗಳ ಮನಸ್ಸಿಗೆ ಬರುವುದು ಎರಡೇ ಬಗೆ. ಒಂದು, ಬಲಿಪೂಜೆಯ ಪಾತ್ರೆಯಲ್ಲಿರುವುದು. ಇನ್ನೊಂದು, ಕ್ರಿಸ್ತಜಯಂತಿಗೆಂದು ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಯೀಸ್ಟ್ ಸೇರಿಸಿ ಅಜ್ಜಿಯಂದಿರು ಭರಣಿಯಲ್ಲಿ ಕಟ್ಟಿಡುವ ಕೆಂಪು ಸಿಹಿ ಪಾನೀಯ. ಸಕ್ಕರೆಯ ಸುಳಿವಿಲ್ಲದ, ನಿಂಬೆಯಂತೆ ನಾಲಿಗೆಯನ್ನು ಚುರುಕುಗೊಳಿಸುವ ಬಿಳಿ ದ್ರಾಕ್ಷಾರಸವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕಂಡವರು ಕಡಿಮೆ. ಕೊಟ್ಟರೂ "ಇದು ಹುಳಿಯಾಗಿದೆಯಲ್ಲ, ಸ್ವಾಮಿ" ಎಂದು ಲೋಟ ಕೆಳಗಿಡುವವರೇ ಹೆಚ್ಚು.

ಆ ಹುಳಿಯೇ ಅದರ ಸತ್ವ. ಇಟಲಿಯ ಲಿಗೂರಿಯ ಕರಾವಳಿಯ ವೆರ್ಮೆಂತೀನೋ, ಏಡ್ರಿಯಾಟಿಕ್ ಕಡಲಿನ ಕಡೆಯ ಮಾರ್ಕೆ ಪ್ರಾಂತದ ವೆರ್ದಿಕ್ಯೋ ಎಂಬ ಬಿಳಿ ದ್ರಾಕ್ಷಾರಸಗಳಿಗೆ ಹೆಸರು ಬಂದಿರುವುದೇ ಇದರಿಂದ. ಅಲ್ಲಿ ಮೀನಿನ ಊಟಕ್ಕೆ ಅವು ಜೊತೆ. ಹಣ್ಣು ಬಲಿಯುವಾಗ ಬಿಸಿ ಹೆಚ್ಚಾದಷ್ಟೂ ಅದರೊಳಗಿನ ಆಮ್ಲ ಬೇಗ ಕರಗಿಹೋಗುತ್ತದೆ. ಕಡಲಿನಿಂದ ಬೀಸುವ ತಂಗಾಳಿ ಬಿಸಿಯನ್ನು ತಗ್ಗಿಸಿ ಆಮ್ಲವನ್ನು ಕಾಯುತ್ತದೆ. ಹಾಗಾದರೆ ಕಡಲಿಲ್ಲದ ನಮ್ಮ ಬಯಲುಸೀಮೆಯಲ್ಲಿ ಅಂಥದ್ದು ಸಾಧ್ಯವೇ?

ಸಾಧ್ಯವೆಂದು ತೋರಿಸಿದ್ದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನ ತೋಟ. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ತಜ್ಞರನ್ನು ಜೊತೆಗೂಡಿಸಿಕೊಂಡು, 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ಇಲ್ಲಿ ನೆಟ್ಟು ಪರೀಕ್ಷಿಸಿದರು. ನೆಟ್ಟ ತಳಿಗಳಲ್ಲಿ ಕೆಲವು ಮಾತ್ರ ನಮ್ಮ ಮಣ್ಣಿಗೆ ಒಗ್ಗಿದವು. 1988ರಲ್ಲಿ ಸಂಸ್ಥೆ ರೂಪುಗೊಂಡಿತು. 1992ರಲ್ಲಿ ಮೊದಲ ದ್ರಾಕ್ಷಾರಸ ಹೊರಬಂತು. 1990ರ ದಶಕದಲ್ಲಿ ಬೋರ್ಡೋದ ಖ್ಯಾತ ತಜ್ಞ ಮಿಶೆಲ್ ರೊಲಾನ್ ಸಲಹೆಗಾರರಾದರು. 2012ರಲ್ಲಿ ಅದು ನಾಸಿಕದ ಸಂಸ್ಥೆಯೊಂದರೊಡನೆ ಕೂಡಿ 'ಗ್ರೋವರ್ ಜಂಪಾ' ಎನಿಸಿತು. ಸೊವಿನ್ಯೋ ಬ್ಲಾಂ, ವಿಯೋನಿಯೇ ಎಂಬ ತಳಿಗಳಿಂದ ಅಲ್ಲಿ ಬಿಳಿ ದ್ರಾಕ್ಷಾರಸ ತಯಾರಾಗಿದೆ.

ಇಲ್ಲಿ ಕಡಲಿನ ಕೆಲಸವನ್ನು ಎತ್ತರ ಮಾಡುತ್ತದೆ. ತಪ್ಪಲಿನ ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿವೆ, ರಾತ್ರಿಗಳು ತಂಪು. ಆದರೆ ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ವರ್ಷಕ್ಕೆ ಎರಡು ಬಾರಿ ಸವರಬೇಕು: ಬೇಸಿಗೆಯಲ್ಲಿ, ಸುಮಾರು ಏಪ್ರಿಲಿನಲ್ಲಿ ಒಮ್ಮೆ; ಮಳೆ ಹಿಂದಾಗುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಮ್ಮೆ. ಎರಡನೆಯ ಸವರಿಕೆಯ ಫಲ ಚಳಿಗಾಲದಲ್ಲಿ ಬಲಿತು ಫೆಬ್ರವರಿ-ಮಾರ್ಚಿನ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಇಟಲಿಯವರು ಸೆಪ್ಟೆಂಬರಿನಲ್ಲಿ ಕೊಯ್ಯುವಾಗ ನಮ್ಮವರು ಕತ್ತರಿ ಹಿಡಿದು ಸವರುತ್ತಿರುತ್ತಾರೆ. ಕೊಯ್ದ ಹಣ್ಣನ್ನು ಬಿಸಿಲೇರುವ ಮೊದಲೇ ಒಯ್ದು, ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಉಕ್ಕಿನ ತೊಟ್ಟಿಗಳಲ್ಲಿ ತಣ್ಣಗಿಟ್ಟು ಹುದುಗಿಸುತ್ತಾರೆ. ಕೆಂಪು ಬಣ್ಣವೆಲ್ಲ ಇರುವುದು ಸಿಪ್ಪೆಯಲ್ಲಿ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸವೂ ಒಳಗೆ ತಿಳಿಯೇ.

ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ'ದಲ್ಲಿ, ಬಲಿದಾನಕ್ಕೆ ಯಾವ ರಸ ಸಲ್ಲುತ್ತದೆಂದು ವಿಚಾರಿಸುವಾಗ, ಕಾಯಿ ದ್ರಾಕ್ಷಿಯ ರಸ ಇನ್ನೂ ಆಗುವ ಹಾದಿಯಲ್ಲಿರುವುದರಿಂದ ಸಲ್ಲದು, ಹುಳಿತು ವಿನೆಗರ್ ಆದದ್ದು ಕೆಟ್ಟುಹೋದುದರಿಂದ ಸಲ್ಲದು ಎನ್ನುತ್ತಾರೆ. ಆಗುವುದಕ್ಕೂ ಅಳಿಯುವುದಕ್ಕೂ ನಡುವೆ ವಸ್ತು ತಾನು ತಾನಾಗಿರುವ ಒಂದು ಸ್ಥಿತಿಯುಂಟು. ಬಿಳಿ ದ್ರಾಕ್ಷಿಯನ್ನು ಕೊಯ್ಯುವ ದಿನವನ್ನು ಗೊತ್ತುಮಾಡುವ ತೋಟಗಾರನು ಹುಡುಕುವುದೂ ಅಂಥದೇ ಒಂದು ಸ್ಥಿತಿಯನ್ನು. ನಾಲ್ಕು ದಿನ ಮೊದಲಾದರೆ ಹಸಿರು ಒಗರು. ನಾಲ್ಕು ದಿನ ತಡವಾದರೆ ಸಪ್ಪೆ.

1983ರ ಧರ್ಮಸಭೆಯ ಕಾನೂನುಸಂಹಿತೆಯ 924ನೆಯ ವಿಧಿ ಕೇಳುವುದಿಷ್ಟೆ: ರಸವು ದ್ರಾಕ್ಷಿಯ ಫಲದಿಂದ ಬಂದದ್ದು, ಸಹಜವಾದದ್ದು, ಕೆಡದಿರುವಂಥದು. ಬಣ್ಣದ ಮಾತಿಲ್ಲ. ಬಲಿಪೀಠದ ವಸ್ತ್ರಗಳ ಮೇಲೆ ಕಲೆಯುಳಿಯದೆಂದು ಹಲವೆಡೆ ಗುರುಗಳು ಬಿಳಿಯದನ್ನೇ ಆರಿಸಿಕೊಳ್ಳುವುದುಂಟು. ಬಟ್ಟೆ ಒಗೆಯುವ ಸಿಸ್ಟರುಗಳಿಗೆ ಇದರ ಉಪಕಾರ ಗೊತ್ತು! ಅಜ್ಜಿಯ ಭರಣಿಯ ಪಾನೀಯ ಎಷ್ಟೇ ರುಚಿಯಾಗಿರಲಿ, ಸಕ್ಕರೆ-ಗೋಧಿ ಬೆರೆತಿರುವುದರಿಂದ ಪೀಠಕ್ಕೆ ಬರಲಾಗದು.

ಈ ಬಿಳಿ ದ್ರಾಕ್ಷಾರಸವನ್ನು ಹೊಗಳುವಾಗ ನಮ್ಮ ಮನೆಗಳ ದುಃಖವನ್ನು ಮರೆಯುವಂತಿಲ್ಲ. ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈಯಲ್ಲಿ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದೂ ಅದೇ ವರ್ಷ. ಬಡವನ ಲೋಟವನ್ನು ಕಸಿದು ಉಳ್ಳವನ ಲೋಟಕ್ಕೆ ಸುರಿದರೆಂದು ಟೀಕಿಸುವುದು ಸುಲಭ. ಆದರೆ ಎರಡನೆಯದರ ಹಿಂದೆ ದ್ರಾಕ್ಷಿ ಬೆಳೆಗಾರನ ಹಿತವೂ ಇತ್ತು. ನಾವು ಒಪ್ಪದಿರುವುದು, ವೈನ್ ಆರೋಗ್ಯಕ್ಕೆ ಒಳ್ಳೆಯದೆಂಬ ಮಾರಾಟದ ಮಾತನ್ನು. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ಸೇವಿಸೆಂದು ಹೇಳಿದ್ದನ್ನು ಉದಾಹರಿಸುವವರು ಆ 'ಸ್ವಲ್ಪ'ವನ್ನು ಬಿಟ್ಟುಬಿಡುತ್ತಾರೆ. ಮದ್ಯಸೇವನೆಗೆ ಅಪಾಯರಹಿತವಾದ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿತದಿಂದ ಬಿಡಿಸಿಕೊಂಡು ಬಂದವರಿರುವ ಮನೆಯಲ್ಲಿ ಹಬ್ಬದ ದಿನವೂ ಭರಣಿ ತೆರೆಯದಿರುವುದೇ ಪ್ರೀತಿ.

ನಮ್ಮ ಜಿಲ್ಲೆಯ ರೈತರ ಮಾತು ಬೇರೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತೆಂದರೆ ಇಲ್ಲಿಯ ನೀರಿನ ಕಥೆ ತಿಳಿಯುತ್ತದೆ. ಬಳ್ಳಿ ಹನಿ ನೀರಾವರಿಯಲ್ಲಿ ಬದುಕುತ್ತದೆ, ಕಲ್ಲು ಮಿಶ್ರಿತ ಕೆಂಪುಮಣ್ಣಿಗೂ ಹೇಸುವುದಿಲ್ಲ. ಹೊಸದುರ್ಗದ ಕಡೆ ದಾಳಿಂಬೆ ಬೆಳೆದವರಿಗೆ ಈ ಬೇಸಾಯ ಪೂರ್ತಿ ಹೊಸದೇನಲ್ಲ. ಆದರೆ ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು, ದಪ್ಪ ಸಿಪ್ಪೆಯದು. ತಿನ್ನುವ ಹಣ್ಣೆಂದು ಸಂತೆಯಲ್ಲಿಟ್ಟರೆ ಕೊಳ್ಳುವವರಿಲ್ಲ. ಕಾರ್ಖಾನೆ ಬೇಡವೆಂದ ದಿನ ಅದು ಬಳ್ಳಿಯಲ್ಲೇ ಒಣಗಬೇಕು. ಒಳ್ಳೆಯ ರಸ ಬೇಕೆಂದರೆ ಇಳುವರಿಯನ್ನೂ ಬೇಕೆಂದೇ ಕಡಿಮೆಯಿಡಬೇಕು. ಕಂಬ, ತಂತಿ, ಹನಿಕೊಳವೆಗಳ ಖರ್ಚು ಫಲ ಬರುವ ಮುಂಚೆಯೇ ತಲೆಯ ಮೇಲೆ ಕೂರುತ್ತದೆ. ಆದುದರಿಂದ ಯಾರಾದರೂ ಸಸಿ ತಂದು ತೋರಿಸಿ ಆಸೆ ಹುಟ್ಟಿಸಿದರೆ, ಮೊದಲು ಖರೀದಿಯ ಕರಾರನ್ನು ಬರೆಸಿಕೊಳ್ಳಿ. ಅದರಲ್ಲಿ ಎಷ್ಟು ವರ್ಷ, ಯಾವ ದರ, ಸಕ್ಕರೆಯ ಅಂಶ ಎಷ್ಟಿದ್ದರೆ ತೆಗೆದುಕೊಳ್ಳುತ್ತಾರೆ, ಮಳೆಗೆ ಹಣ್ಣು ಒಡೆದರೆ ನಷ್ಟ ಯಾರದು ಎಂಬ ನಾಲ್ಕು ಅಂಶಗಳಿರಲಿ. ಓದಲು ಬಾರದ ಹಿರಿಯರಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಎರಡು ಸಲ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.